ಪದ್ಮಾಸನವೇ ಆಗಬೇಕಾ? ಮಂಡಿ ಕೆಡಿಸಿಕೊಳ್ಳದೆ ಕೂರುವ ದಾರಿಗಳ ಹೋಲಿಕೆ

ಮೊದಲು ಒಂದು ಪ್ರಶ್ನೆ. ಕಾಲು ಮಡಚಿ ಎಷ್ಟು ಹೊತ್ತು ಕೂರಬೇಕು ಅಂತ ನಿಮಗಿದೆ? ಐದು ನಿಮಿಷ ಪ್ರಾಣಾಯಾಮಕ್ಕೋ, ಅರ್ಧ ಗಂಟೆ ಧ್ಯಾನಕ್ಕೋ, ಬೆಳಗಿನ ಪೂಜೆ ಜಪಕ್ಕೋ? ಅಥವಾ ಮೈಸೂರು ಶೈಲಿಯ ಅಷ್ಟಾಂಗ (ಆಸನಗಳನ್ನು ನಿಗದಿತ ಸರಣಿಯಲ್ಲಿ ಮಾಡುವ ಪದ್ಧತಿ) ಕ್ಲಾಸಿಗೆ ಸೇರಿದ್ದೀರಿ, ಅಲ್ಲಿ ಮಾಡಲೇಬೇಕು ಅಂತಲೋ? ಉತ್ತರ ಬೇರೆಯಾದರೆ ಆಸನವೂ ಬೇರೆಯಾಗಬೇಕು. ನಮ್ಮಲ್ಲಿ ಆಗುವುದು ಉಲ್ಟಾ. ಮೊದಲು ಪದ್ಮಾಸನ ಅಂತ ತೀರ್ಮಾನ, ಆಮೇಲೆ ಕಾಲನ್ನು ಅದಕ್ಕೆ ಒಗ್ಗಿಸುವ ಕುಸ್ತಿ.

ಬೆಂಗಳೂರಿನಲ್ಲಿ ಈ ಕುಸ್ತಿ ಇನ್ನೂ ಕಷ್ಟ. ಬೆಳಗ್ಗೆಯಿಂದ ಸಂಜೆವರೆಗೆ ಆಫೀಸಿನ ಕುರ್ಚಿ, ಹೋಗಿ ಬರುವಾಗ ಔಟರ್ ರಿಂಗ್ ರೋಡಿನಲ್ಲಿ ಕ್ಯಾಬಿನ ಸೀಟು, ಮನೆಗೆ ಬಂದರೆ ಡೈನಿಂಗ್ ಟೇಬಲ್ಲು, ಸೋಫಾ. ಮದುವೆ ಊಟಕ್ಕೂ ಈಗ ಟೇಬಲ್ಲು ಬಂದಿದೆ. ನೆಲದ ಮೇಲೆ ಕೂರುವ ಸಂದರ್ಭವೇ ಇಲ್ಲ. ಇಡೀ ದಿನ ಒಂದೇ ಕೋನದಲ್ಲಿ ಇದ್ದ ಸೊಂಟದ ಕೀಲನ್ನು ಬೆಳಗ್ಗೆ ಆರಕ್ಕೆ ಎಬ್ಬಿಸಿ ಪೂರ್ತಿ ತಿರುಗು ಅಂದರೆ ಅದು ತಿರುಗುತ್ತಾ? ಪಾರ್ಕಿನಲ್ಲಿ ಪಕ್ಕದ ಚಾಪೆಯ ಹಿರಿಯರು ಆರಾಮಾಗಿ ಪದ್ಮಾಸನ ಹಾಕಿ, "ಏನಪ್ಪಾ, ಈ ವಯಸ್ಸಿಗೇ ಕಾಲು ಮಡಚೋಕೆ ಆಗಲ್ವಾ?" ಅಂತ ಕೇಳಬಹುದು. "ಆಗಲ್ಲ ಅಂಕಲ್" ಅಂತ ಹೇಳಿ ನಿಮ್ಮ ಪಾಡಿಗೆ ಕೂರುವುದೇ ಸರಿ. ಅವರು ಚಿಕ್ಕಂದಿನಿಂದ ನೆಲದ ಮೇಲೆ ಕೂತು ಉಂಡವರು.

ಸೊಂಟ ತಿರುಗದಿದ್ದರೆ ಮಂಡಿ ತಿರುಗುತ್ತದೆ

ತೊಡೆ ಮೂಳೆಯ ತಲೆ ಗುಂಡಗಿದೆ. ಅದು ಸೊಂಟದ ಗುಳಿಯಲ್ಲಿ ಕೂತಿದೆ, ಒರಳಿನಲ್ಲಿ ಗುಂಡುಕಲ್ಲು ಕೂತ ಹಾಗೆ. ಎಲ್ಲ ಕಡೆಗೂ ತಿರುಗಬಲ್ಲದು. ಮಂಡಿಯ ಮುಖ್ಯ ಕೆಲಸ ಮಡಚುವುದು, ಬಿಚ್ಚುವುದು. ಮಡಚಿದಾಗ ಪಕ್ಕಕ್ಕೆ ತಿರುಗುತ್ತದಾದರೂ ಅದು ಸ್ವಲ್ಪವೇ ಸ್ವಲ್ಪ. ಪದ್ಮಾಸನದಲ್ಲಿ ಪಾದ ಎದುರು ತೊಡೆಯ ಮೇಲೆ ಬಂದು ಅಂಗಾಲು ಮೇಲಕ್ಕೆ ಕಾಣಬೇಕಾದರೆ ತೊಡೆ ಚೆನ್ನಾಗಿ ಹೊರಕ್ಕೆ ಉರುಳಬೇಕು. ಈ ಉರುಳು ಸೊಂಟದಲ್ಲೇ ಆಗಬೇಕು. ಸೊಂಟ ಅಷ್ಟು ಬಿಟ್ಟುಕೊಡದಿದ್ದರೆ ನಾವು ಕೈಯಿಂದ ಪಾದ ಎಳೆಯುತ್ತೇವೆ. ಆಗ ಬಾಕಿ ಉಳಿದ ತಿರುವನ್ನೆಲ್ಲ ಮಂಡಿಯೂ ಪಾದದ ಕೀಲೂ ಸೇರಿ ತುಂಬಬೇಕಾಗುತ್ತದೆ.

ಮಂಡಿಯೊಳಗೆ ಎರಡು ಮೂಳೆಗಳ ನಡುವೆ ಮೆನಿಸ್ಕಸ್ ಎಂಬ ಅರ್ಧಚಂದ್ರದಂಥ ಮೆತ್ತೆಗಳಿವೆ. ಒಳಬದಿಗೊಂದು, ಹೊರಬದಿಗೊಂದು. ತಿರುಚಿದ ಮಂಡಿಯನ್ನು ಕೆಳಕ್ಕೆ ಒತ್ತಿದರೆ ಒಳಬದಿಯ ಮೆತ್ತೆ ಮೂಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಹೊರಬದಿಯ ಲಿಗಮೆಂಟ್ (ಮೂಳೆಗೆ ಮೂಳೆ ಹಿಡಿದಿಡುವ ಪಟ್ಟಿ) ಜಗ್ಗುತ್ತದೆ. ಮೆನಿಸ್ಕಸ್ಸಿನ ಒಳ ಅಂಚಿಗೆ ರಕ್ತ ಹೋಗುವುದೇ ತೀರಾ ಕಮ್ಮಿ. ಹಾಗಾಗಿ ಅಲ್ಲಿ ಹರಿದರೆ ತಾನಾಗಿ ಕೂಡಿಕೊಳ್ಳುವುದು ಕಷ್ಟ. ಎಕ್ಸ್‌ರೇಯಲ್ಲಿ ಇದು ಕಾಣುವುದೂ ಇಲ್ಲ, ಎಂಆರ್‌ಐ ಬೇಕು. "ಎಕ್ಸ್‌ರೇ ನಾರ್ಮಲ್ ಬಂತು, ಆದರೂ ಮೆಟ್ಟಿಲು ಇಳಿಯುವಾಗ ಮಂಡಿ ಚುಳ್ ಅನ್ನುತ್ತೆ" ಅನ್ನುವವರು ಈ ವಿಷಯ ನೆನಪಿಟ್ಟುಕೊಂಡು ಡಾಕ್ಟರ್ ಹತ್ತಿರ ಮಾತಾಡಬೇಕು.

ಇನ್ನೊಂದು ವಿಷಯವನ್ನು ಕ್ಲಾಸುಗಳಲ್ಲಿ ಹೇಳುವುದು ಕಮ್ಮಿ. ಸೊಂಟದ ಗುಳಿ ಎಷ್ಟು ಆಳ, ಯಾವ ಕಡೆಗೆ ಮುಖ ಮಾಡಿದೆ, ತೊಡೆ ಮೂಳೆಯ ಕತ್ತು ಎಷ್ಟು ಓರೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಿಗೆ ಕೆಲವು ತಿಂಗಳ ಅಭ್ಯಾಸದಲ್ಲಿ ಪದ್ಮಾಸನ ಬರುತ್ತದೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ಇನ್ನು ಕೆಲವರಿಗೆ ಮೂಳೆಗೆ ಮೂಳೆ ತಾಕಿ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಪತ್ತೆ ಮಾಡುವುದು ಸುಲಭ. ಪೃಷ್ಠದ ಹೊರಭಾಗದಲ್ಲೋ ತೊಡೆಯ ಒಳಭಾಗದಲ್ಲೋ ಎಳೆತ ಬಂದರೆ ಅದು ಸ್ನಾಯು, ಅಭ್ಯಾಸದಿಂದ ಸಡಿಲ ಆಗಬಹುದು. ತೊಡೆ ಸಂದಿನ ಮುಂಭಾಗದಲ್ಲಿ ಚುಚ್ಚಿದ ಹಾಗೆ, ಏನೋ ಅಡ್ಡ ಸಿಕ್ಕಿದ ಹಾಗೆ ಆದರೆ ಎಷ್ಟು ಎಳೆದರೂ ಪ್ರಯೋಜನ ಇಲ್ಲ. ಅಂಥವರು ಪದ್ಮಾಸನದ ಆಸೆ ಬಿಟ್ಟು ಬೇರೆ ಆಸನ ಹಿಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಮನೆಯಲ್ಲೇ ನೋಡಿಕೊಳ್ಳಿ

ಬೆನ್ನ ಮೇಲೆ ಮಲಗಿ. ಎಡಗಾಲು ಮಡಚಿ ಪಾದ ನೆಲಕ್ಕೆ ಊರಿ. ಬಲಗಾಲಿನ ಹರಡನ್ನು, ಅಂದರೆ ಪಾದದ ಕೀಲನ್ನು, ಎಡ ತೊಡೆಯ ಮೇಲೆ, ಮಂಡಿಗೆ ಸ್ವಲ್ಪ ಹತ್ತಿರ ಇಡಿ. ಕೈ ಹಾಕಬೇಡಿ. ಬಲ ಮಂಡಿ ತಾನಾಗಿ ಹೊರಕ್ಕೆ ಬೀಳುತ್ತಾ, ಅಥವಾ ನಿಮ್ಮ ಎದೆ ಕಡೆಗೇ ನೋಡುತ್ತಾ? ಎಲ್ಲಿ ಎಳೆಯುತ್ತಿದೆ? ಪೃಷ್ಠದಲ್ಲಾದರೆ ಒಳ್ಳೆಯದು. ಇಷ್ಟಕ್ಕೇ ಮಂಡಿಯಲ್ಲಿ ನೋವು ಬಂದರೆ ಪದ್ಮಾಸನ ಸದ್ಯಕ್ಕೆ ಬೇಡ.

ಎರಡನೆಯದು ತೊಟ್ಟಿಲು. ಗೋಡೆಗೆ ಒರಗಿ ಕೂತು ಒಂದು ಕಾಲು ನೀಡಿ. ಇನ್ನೊಂದು ಕಾಲನ್ನು ಮಗು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಎತ್ತಿ, ಮಂಡಿ ಒಂದು ಮೊಣಕೈಯಲ್ಲಿ, ಪಾದ ಇನ್ನೊಂದರಲ್ಲಿ. ಕೆಳಗಾಲಿನ ಮೂಳೆ ಎದೆಗೆ ಅಡ್ಡಲಾಗಿ ಹೆಚ್ಚು ಕಮ್ಮಿ ಸಮತಟ್ಟಾಗಿ ಬಂದರೆ ಸೊಂಟ ತಯಾರಿದೆ ಅಂತ. ಪಾದ ಮೇಲೆ ಬರಲು ಬೆನ್ನು ಗೂನಾಗುತ್ತಿದೆ, ಹರಡು ಸೊಟ್ಟಗಾಗುತ್ತಿದೆ ಅಂದರೆ ಇನ್ನೂ ಇಲ್ಲ.

ಎರಡೂ ಕಾಲಿಗೂ ಬೇರೆಬೇರೆಯಾಗಿ ಮಾಡಿ ನೋಡಿ. ಒಂದು ಬದಿ ಸಲೀಸು, ಇನ್ನೊಂದು ಬಿಗಿ ಇರುವುದು ಮಾಮೂಲು. ಸಂಜೆ ಮಾಡಿದರೆ ಬೆಳಗ್ಗೆಗಿಂತ ಸಡಿಲ ಇರುತ್ತದೆ. ಡಿಸೆಂಬರಿನ ಚಳಿಯಲ್ಲಿ ಎದ್ದ ಕೂಡಲೇ, ತಣ್ಣನೆಯ ಟೈಲ್ಸ್ ಮೇಲೆ ಇದನ್ನೆಲ್ಲ ಪರೀಕ್ಷೆ ಮಾಡಿ ಬೇಜಾರು ಮಾಡಿಕೊಳ್ಳಬೇಡಿ.

ಈಗ ಒಂದೊಂದಾಗಿ

ಸುಖಾಸನ ಅಂದರೆ ನಮ್ಮ ಚಕ್ಕಳಮಕ್ಕಳ. ಎಲ್ಲಕ್ಕಿಂತ ಸುಲಭ ಅಂತ ಹೆಸರು. ಆದರೆ ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಸೊಂಟ ಹಿಂದಕ್ಕೆ ಉರುಳುತ್ತದೆ, ಬೆನ್ನು ಬಾಗುತ್ತದೆ, ಹತ್ತು ನಿಮಿಷಕ್ಕೆ ನಡು ನೋವು. "ಸುಖಾಸನದಲ್ಲೂ ಸುಖ ಇಲ್ಲ" ಅನ್ನುವವರು ಬರಿ ನೆಲದ ಮೇಲೆ ಕೂತಿರುತ್ತಾರೆ, ಅಷ್ಟೇ. ಕೆಳಗೆ ಎತ್ತರ ಕೊಟ್ಟು ಮಂಡಿ ಸೊಂಟಕ್ಕಿಂತ ಕೆಳಗೆ ಬರುವ ಹಾಗೆ ಮಾಡಿದರೆ ಇದೇ ಆಸನ ಬೇರೆಯದೇ ಆಗಿಬಿಡುತ್ತದೆ. ಐದು ಹತ್ತು ನಿಮಿಷದ ಪ್ರಾಣಾಯಾಮಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ.

ಸ್ವಸ್ತಿಕಾಸನದಲ್ಲಿ ಪಾದಗಳನ್ನು ಎದುರು ಕಾಲಿನ ತೊಡೆ ಮತ್ತು ಮೀನಖಂಡದ ನಡುವೆ ತೂರಿಸುತ್ತೇವೆ. ಸುಖಾಸನಕ್ಕಿಂತ ಸ್ಥಿರ, ಮಂಡಿಗೆ ತಿರುಚು ಕಮ್ಮಿ. ಇದರ ಹತ್ತಿರದ ನೆಂಟ ಇನ್ನೊಂದಿದೆ. ಎರಡೂ ಪಾದ ನೆಲದ ಮೇಲೇ, ಒಂದರ ಮುಂದೆ ಒಂದು, ಯಾವುದೂ ಯಾವುದರ ಮೇಲೂ ಇಲ್ಲ. ಧ್ಯಾನ ಶಿಬಿರಗಳಿಗೆ ಹೋಗಿ ಬಂದವರು ಇದನ್ನು ಬರ್ಮೀಸ್ ಅನ್ನುತ್ತಾರೆ. ಹರಡಿನ ಮೇಲೆ ಭಾರ ಬೀಳುವುದಿಲ್ಲ, ಹಾಗಾಗಿ ಜೋಮು ಹಿಡಿಯುವುದೂ ಕಮ್ಮಿ. ಹತ್ತು ದಿನದ ವಿಪಶ್ಯನ ಶಿಬಿರದಲ್ಲಿ ನಾಲ್ಕನೇ ದಿನದಿಂದ ಒಂದು ಗಂಟೆ ಅಲುಗಾಡದೆ ಕೂರುವ ಅಧಿಷ್ಠಾನ ಶುರುವಾಗುತ್ತದೆ. ಅಲ್ಲಿಗೆ ಹೋಗುವ ಯೋಚನೆ ಇದ್ದರೆ ಪದ್ಮಾಸನ ಕಲಿಯುವ ಬದಲು ಇದನ್ನು ಗಟ್ಟಿ ಮಾಡಿಕೊಂಡು ಹೋಗಿ. ಬಹಳ ಜನಕ್ಕೆ ನಾನು ಹೇಳುವುದು ಇದೊಂದೇ.

ಸಿದ್ಧಾಸನವನ್ನು ಹಠಯೋಗದ ಹಳೆಯ ಗ್ರಂಥಗಳು ಪದ್ಮಾಸನಕ್ಕಿಂತಲೂ ಮೇಲೆ ಇಟ್ಟಿವೆ. ಎಡ ಹಿಮ್ಮಡಿ ಗುದ ಮತ್ತು ಜನನಾಂಗದ ನಡುವಿನ ಜಾಗಕ್ಕೆ, ಬಲ ಹಿಮ್ಮಡಿ ಅದರ ಮೇಲೆ, ಬೆರಳುಗಳು ತೊಡೆ ಮೀನಖಂಡದ ಸಂದಿಗೆ. ಮಂಡಿಗಳು ಅಗಲವಾಗಿ ಹರಡಿ ನೆಲ ಮುಟ್ಟುತ್ತವೆ, ಸೊಂಟ ನೆಟ್ಟಗಾಗುತ್ತದೆ. ಸ್ಥಿರತೆಯಲ್ಲಿ ಪದ್ಮಾಸನಕ್ಕೆ ಹತ್ತಿರ ಬರುತ್ತದೆ, ಅಪಾಯದಲ್ಲಿ ಅದಕ್ಕಿಂತ ತುಂಬಾ ಕೆಳಗಿದೆ. ಒಂದೇ ಎಚ್ಚರ: ಹಿಮ್ಮಡಿಯ ಒತ್ತಡ ಜಾಸ್ತಿ ಹೊತ್ತು ಒಂದೇ ಕಡೆ ಇದ್ದರೆ ಅಲ್ಲಿನ ನರ ಮರಗಟ್ಟುತ್ತದೆ. ಗಂಟೆಗಟ್ಟಲೆ ಸೈಕಲ್ ಹೊಡೆಯುವ ಗಂಡಸರಿಗೆ ಆಗುವ ತೊಂದರೆಯೇ ಇದು. ಹಿಮ್ಮಡಿಯನ್ನು ಒಂದೆರಡು ಬೆರಳು ಮುಂದಕ್ಕೆ ಸರಿಸಿ ಕೂತರೆ ಮುಗಿಯಿತು.

ಒಂದೇ ಪಾದವನ್ನು ಎದುರು ತೊಡೆಯ ಮೇಲಿಡುವ ಅರ್ಧ ಪದ್ಮಾಸನದ ಬಗ್ಗೆ ನನಗೆ ತಕರಾರಿದೆ. ಇದನ್ನು ಎಲ್ಲರೂ ಪದ್ಮಾಸನಕ್ಕೆ ಮೊದಲ ಮೆಟ್ಟಿಲು, ಅಪಾಯ ಇಲ್ಲ ಅಂತ ಕಲಿಸುತ್ತಾರೆ. ಆದರೆ ಮೇಲಿನ ಕಾಲಿಗೆ ಬೇಕಾದ ತಿರುವು ಇಲ್ಲೂ ಪೂರ್ತಿಯೇ ಬೇಕು. ಒಂದು ಕಾಲು ಉಳಿಯಿತು ಅಷ್ಟೇ. ಮೇಲಿನ ಕಾಲಿನ ಮಂಡಿ ಗಾಳಿಯಲ್ಲಿ ನೇತಾಡುತ್ತಿದ್ದರೆ ಅದರ ಭಾರ ಪೂರ್ತಿ ಮಂಡಿಯ ಕೀಲಿನ ಮೇಲೇ ಬೀಳುತ್ತದೆ. ಮೇಲಾಗಿ ಎರಡು ಬದಿ ಸಮ ಇಲ್ಲ. ದಿನಾ ಅದೇ ಕಾಲು ಮೇಲೆ ಹಾಕಿ ಕೂತರೆ ಸೊಂಟ ಒಂದು ಕಡೆಗೆ ವಾಲುತ್ತದೆ. ಐದು ನಿಮಿಷದ ಅಭ್ಯಾಸಕ್ಕೆ ಸರಿ. ನೇತಾಡುವ ಮಂಡಿಯ ಕೆಳಗೆ ದಿಂಬೋ ಸುತ್ತಿದ ಟವೆಲ್ಲೋ ಇಟ್ಟು, ಅರ್ಧ ಹೊತ್ತಿಗೆ ಕಾಲು ಬದಲಿಸಿ. ಅರ್ಧ ಗಂಟೆಯ ಧ್ಯಾನಕ್ಕೆ ಇದನ್ನು ಆರಿಸುವವರು ಸಿದ್ಧಾಸನವನ್ನು ಒಮ್ಮೆ ಪ್ರಯತ್ನ ಮಾಡಿ ನೋಡಲಿ.

ಮಂಡಿಯೂರಿ ಹಿಮ್ಮಡಿಗಳ ಮೇಲೆ ಕೂರುವ ವಜ್ರಾಸನ ಬೇರೆ ಜಾತಿ. ಸೊಂಟ ಹೊರಕ್ಕೆ ತಿರುಗಬೇಕಾಗಿಲ್ಲ, ಮಂಡಿ ಪೂರ್ತಿ ಮಡಚಿದರೆ ಸಾಕು. ಹಾಗಾಗಿ ಸೊಂಟ ಬಿಗಿ ಇದ್ದು ಮಂಡಿ ಗಟ್ಟಿ ಇರುವವರಿಗೆ ಇದು ಒಳ್ಳೆಯ ಆಯ್ಕೆ. ಊಟ ಆದ ಮೇಲೆ ಸ್ವಲ್ಪ ಹೊತ್ತು ಕೂರಿ ಅಂತ ಹೇಳುವುದೂ ಇದನ್ನೇ. ಮಂಡಿ ಸವೆತ ಇದ್ದವರಿಗೆ, ಮಂಡಿ ಚಿಪ್ಪು ನೋಯುವವರಿಗೆ ಇದು ಪದ್ಮಾಸನದಷ್ಟೇ ಕೆಟ್ಟದ್ದು. ಬಹಳ ಹೊತ್ತು ಕೂತರೆ ಇನ್ನೊಂದು ತೊಂದರೆ ಇದೆ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಚರ್ಮಕ್ಕೆ ಹತ್ತಿರವಾಗಿ ಒಂದು ನರ ಹಾದು ಹೋಗುತ್ತದೆ. ಅದು ಒತ್ತಿಕೊಂಡರೆ ಪಾದವನ್ನು ಮೇಲೆತ್ತುವ ಶಕ್ತಿ ಹೋಗುತ್ತದೆ. ಅಮೆರಿಕದಲ್ಲಿ ಗಂಟೆಗಟ್ಟಲೆ ಹೀಗೆ ಕೂತ ಒಬ್ಬ ವಿದ್ಯಾರ್ಥಿಗೆ ನಡೆಯುವಾಗ ಪಾದ ಎಳೆಯುವಂತಾದದ್ದು 1971ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಹತ್ತು ನಿಮಿಷಕ್ಕೆ ಯಾರಿಗೂ ಹೀಗಾಗುವುದಿಲ್ಲ, ಹೆದರಬೇಡಿ. ಪೃಷ್ಠ ಮತ್ತು ಹಿಮ್ಮಡಿ ನಡುವೆ ಕಂಬಳಿ ಮಡಚಿಟ್ಟು, ಹರಡಿನ ಕೆಳಗೆ ಟವೆಲ್ ಸುರುಳಿ ಇಟ್ಟರೆ ಇನ್ನೂ ಹಗುರ.

ಕುರ್ಚಿ. ಹೌದು, ಕುರ್ಚಿಯೂ ಪಟ್ಟಿಯಲ್ಲಿದೆ. ಪಾದ ನೆಲಕ್ಕೆ ಪೂರ್ತಿ ಊರಿ, ಬೆನ್ನು ಒರಗಿಸದೆ, ಕುರ್ಚಿಯ ಮುಂದಿನ ಅರ್ಧಕ್ಕೆ ಕೂರಬೇಕು. ಪ್ಲಾಸ್ಟಿಕ್ ಕುರ್ಚಿಯ ನಡುವೆ ತಗ್ಗಿರುತ್ತದೆ, ಅದರಲ್ಲಿ ಸೊಂಟ ಹಿಂದಕ್ಕೆ ಜಾರುತ್ತದೆ. ಊಟದ ಮೇಜಿನ ಮರದ ಕುರ್ಚಿಯೇ ವಾಸಿ. ಅಮ್ಮನಿಗೋ ಅತ್ತೆಗೋ ಮಂಡಿ ಆಪರೇಷನ್ ಆಗಿದ್ದರೆ ಅವರನ್ನು ನೆಲಕ್ಕೆ ಕೂರಿಸುವ ಹಠ ಬೇಡ.

"ಅದೆಲ್ಲ ಸರಿ, ನಿಜವಾದ ಆಸನ ಪದ್ಮಾಸನ ತಾನೇ?" ಅನ್ನುವವರಿಗೆ ಒಂದು ಮಾತು. ಯೋಗಸೂತ್ರ ಬರೆದ ಪತಂಜಲಿ ಆಸನ ಸ್ಥಿರವಾಗಿರಬೇಕು, ಸುಖವಾಗಿರಬೇಕು ಅಂದರೇ ಹೊರತು ಇಂಥದ್ದೇ ಅಂತ ಹೆಸರು ಹೇಳಲಿಲ್ಲ. ಆ ಸೂತ್ರದ ಮೇಲಿನ ವ್ಯಾಸಭಾಷ್ಯ ಪದ್ಮಾಸನದ ಜೊತೆಗೇ ಸ್ವಸ್ತಿಕವನ್ನೂ ದಂಡಾಸನವನ್ನೂ ಸೋಪಾಶ್ರಯವನ್ನೂ ಎಣಿಸುತ್ತದೆ. ಸೋಪಾಶ್ರಯ ಅಂದರೆ ಆಸರೆ ಇಟ್ಟುಕೊಂಡು ಕೂರುವುದು! ಮೇಲುಕೋಟೆ ಬೆಟ್ಟದ ಮೇಲಿನ ಯೋಗನರಸಿಂಹನನ್ನು ನೆನೆಸಿಕೊಳ್ಳಿ. ಯೋಗನರಸಿಂಹ ಅಂದರೆ ಮಂಡಿಗೆ ಯೋಗಪಟ್ಟ ಬಿಗಿದು ಕೂತ ಭಂಗಿಯೇ. ದೇವರೇ ಪಟ್ಟಿ ಕಟ್ಟಿಕೊಂಡಿರುವಾಗ ನಮಗೆ ಒಂದು ದಿಂಬಿಗೆ ಯಾಕೆ ಸಂಕೋಚ ಅಲ್ವಾ?

ಪದ್ಮಾಸನವೇ ಬೇಕು ಅನ್ನುವವರಿಗೆ

ಮೇಲಿನ ಎರಡೂ ಪರೀಕ್ಷೆಯಲ್ಲಿ ಪಾಸಾದಿರಾ? ಹಾಗಾದರೆ ಮಾಡಿ, ತುಂಬಾ ಚೆನ್ನಾದ ಆಸನ. ಎರಡೂ ಮಂಡಿ ನೆಲಕ್ಕೆ ಕೂತರೆ ಅಡಿಪಾಯ ಅಗಲವಾಗುತ್ತದೆ, ಬೆನ್ನು ಹೆಚ್ಚು ಶ್ರಮ ಇಲ್ಲದೆ ನಿಲ್ಲುತ್ತದೆ. ಆದರೆ ಕಾಲು ಹಾಕುವ ವಿಧಾನದಲ್ಲೇ ಎಲ್ಲ ಇದೆ.

ಮೊದಲು ಮೈ ಬಿಸಿ ಆಗಿರಲಿ. ಸೂರ್ಯನಮಸ್ಕಾರ, ಅಂಗಾಲು ಜೋಡಿಸಿ ಕೂರುವ ಭದ್ರಾಸನ, ಒಂದು ಕಾಲು ಮಡಚಿ ನೀಡಿದ ಕಾಲಿನ ಮೇಲೆ ಬಾಗುವ ಜಾನುಶೀರ್ಷಾಸನ, ಆಮೇಲೆ ತೊಟ್ಟಿಲು. ಕ್ಲಾಸಿನ ಕೊನೆಗೆ ಪದ್ಮಾಸನ ಹಾಕಿ, ಶುರುವಿಗೇ ಬೇಡ. ಮಡಚಿದ ಕಂಬಳಿಯ ಅಂಚಿನ ಮೇಲೆ ಕಾಲು ನೀಡಿ ಕೂರಿ. ಬಲಗಾಲನ್ನು ಮಡಚಿ. ಇಲ್ಲಿ ಅವಸರ ಬೇಡ: ಮಂಡಿ ಪೂರ್ತಿ ಮುಚ್ಚಬೇಕು, ತೊಡೆಯ ಹಿಂಭಾಗಕ್ಕೆ ಮೀನಖಂಡ ತಾಕಬೇಕು. ಮಂಡಿ ಅರ್ಧ ತೆರೆದಿರುವಾಗ ಪಾದ ಎಳೆದರೆ ತಿರುಚು ಮಂಡಿಯೊಳಗೆ ಹೋಗುತ್ತದೆ. ಪೂರ್ತಿ ಮುಚ್ಚಿದ ಮೇಲೆ ಕೆಳಗಾಲು ಮತ್ತು ತೊಡೆ ಒಂದೇ ತುಂಡಾಗಿ ಸೊಂಟದಿಂದಲೇ ತಿರುಗುತ್ತವೆ. ಒಂದು ಕೈ ಹರಡಿನ ಕೆಳಗೆ, ಇನ್ನೊಂದು ಮಂಡಿಯ ಕೆಳಗೆ ಕೊಟ್ಟು, ಹಿಮ್ಮಡಿಯನ್ನು ಹೊಕ್ಕುಳಿನ ಕಡೆಗೆ ತನ್ನಿ. ಮಂಡಿಯನ್ನು ಪಕ್ಕಕ್ಕೆ ಬಿಡಿ. ಆಮೇಲೆ ಪಾದವನ್ನು ಎಡ ತೊಡೆಯ ಬುಡಕ್ಕೆ ಇಳಿಸಿ. ಪಾದ ತೊಡೆಯ ಮಧ್ಯದಲ್ಲಿ ಕೂತರೆ ಹರಡು ಸೊಟ್ಟಗಾಗುತ್ತದೆ, ಹೊರಬದಿಯ ಲಿಗಮೆಂಟ್ ಎಳೆಯುತ್ತದೆ. ಬುಡಕ್ಕೇ ಬರಬೇಕು. ಪಾದವನ್ನು ಸಡಿಲ ಬಿಡಬೇಡಿ, ಬೆರಳುಗಳನ್ನು ನಿಮ್ಮ ಕಡೆಗೆ ಸೆಳೆದಿರಿ.

ಇಲ್ಲಿ ನಿಲ್ಲಿ, ನಾಲ್ಕೈದು ಉಸಿರು. ಬಲ ಮಂಡಿ ನೆಲಕ್ಕೆ ಬಂತಾ? ಬರದಿದ್ದರೆ ಇವತ್ತಿಗೆ ಇಷ್ಟೇ. ಎರಡನೇ ಕಾಲೇ ನಿಜವಾದ ಅಪಾಯ. ಅದು ಮೊದಲ ಕಾಲಿನ ಮೇಲೆ ಹತ್ತಿ ಬರಬೇಕು, ಹಾಗಾಗಿ ಇನ್ನೂ ಜಾಸ್ತಿ ತಿರುವು ಬೇಕು. ಜನ ಕೈ ಹಾಕಿ ಎಳೆಯುವುದು ಇಲ್ಲೇ. ಬದಲಿಗೆ ಬಲ ಮಂಡಿಯನ್ನು ಸ್ವಲ್ಪ ಒಳಕ್ಕೆ ಸರಿಸಿ, ಮೈಯನ್ನು ತುಸು ಹಿಂದಕ್ಕೆ ವಾಲಿಸಿ, ಎಡ ಮಂಡಿ ಪೂರ್ತಿ ಮುಚ್ಚಿ, ಅದೇ ರೀತಿ ಹೊಕ್ಕುಳಿನ ಕಡೆಯಿಂದ ತನ್ನಿ. ಎಡ ಪಾದ ಬಲ ತೊಡೆಯ ಬುಡಕ್ಕೆ ತಾನಾಗಿ ಇಳಿಯಬೇಕು.

ಮಂಡಿಯೊಳಗೆ ಏನೇ ಅನಿಸಿದರೂ, ಅದು ಚುಚ್ಚು ಇರಲಿ, ಉರಿ ಇರಲಿ, ಏನೋ ಸಿಕ್ಕಿಕೊಂಡ ಹಾಗಿರಲಿ, ಬಿಚ್ಚಿಬಿಡಿ. ಪೃಷ್ಠದ ಎಳೆತವನ್ನು ತಡೆದುಕೊಂಡು ಉಸಿರಾಡಬಹುದು, ಮಂಡಿಯದನ್ನು ತಡೆದುಕೊಳ್ಳಬಾರದು. ಕೈಯಿಂದ ಮಂಡಿ ಒತ್ತುವುದು, ಚಿಟ್ಟೆ ರೆಕ್ಕೆ ಬಡಿದ ಹಾಗೆ ಜೋರಾಗಿ ಬಡಿಯುವುದು ಎರಡೂ ಬೇಡ. ಟೀಚರ್ ತೊಡೆಯ ಮೇಲೆ ನಿಲ್ಲಲು ಬಂದರೆ ನೀವು ಎದ್ದು ನಿಲ್ಲಿ.

ಬಿಚ್ಚುವಾಗಲೂ ಕೈ ಆಸರೆ ಕೊಟ್ಟು, ಮೇಲಿನ ಕಾಲು ಮೊದಲು, ಹಾಕಿದ ಕ್ರಮಕ್ಕೆ ಉಲ್ಟಾ. ಜೋಮು ಹಿಡಿದಿದ್ದರೆ ತಕ್ಷಣ ಎದ್ದು ನಿಲ್ಲಬೇಡಿ. ಪಾದದ ಅರಿವೇ ಇಲ್ಲದಿರುವಾಗ ಹರಡು ಮಗುಚಿ ಬೀಳುವವರಿದ್ದಾರೆ. ಎರಡು ನಿಮಿಷ ಕಾಲು ನೀಡಿ ಕೂರಿ. ಜೋಮು ಇಳಿಯದೆ ಹಾಗೇ ಉಳಿದರೆ, ಪಾದ ಮೇಲೆತ್ತಲು ಆಗದಿದ್ದರೆ, ಮರುದಿನ ಮಂಡಿ ಊದಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.

ಯಾವ ಕಾಲು ಮೊದಲು ಅನ್ನುವ ಜಗಳ ಹಳೆಯದು. ಹಳೆಯ ಗ್ರಂಥಗಳಲ್ಲೂ ಅಷ್ಟಾಂಗ ಪರಂಪರೆಯಲ್ಲೂ ಬಲಗಾಲು ಮೊದಲು. ಬಿ.ಕೆ.ಎಸ್. ಅಯ್ಯಂಗಾರ್ ಪದ್ಧತಿಯವರು ಎರಡೂ ಕಡೆ ಬದಲಿಸಿ ಮಾಡಿ ಅನ್ನುತ್ತಾರೆ. ದಿನಾ ಕೂರುವವರಿಗೆ ಬದಲಿಸುವುದೇ ಒಳ್ಳೆಯದು ಅಂತ ನನಗನಿಸುತ್ತದೆ.

ಇವರು ಪದ್ಮಾಸನ ಬಿಟ್ಟುಬಿಡುವುದೇ ಒಳ್ಳೆಯದು, ಅಥವಾ ಡಾಕ್ಟರನ್ನು ಕೇಳದೆ ಹಾಕಬಾರದು: ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು, ಮೆನಿಸ್ಕಸ್ ಹರಿದವರು, ಸಂಧಿವಾತ ಇರುವವರು, ಹರಡು ಉಳುಕಿದವರು, ಸಯಾಟಿಕಾ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು) ಇರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇರುವವರು. ಗರ್ಭಿಣಿಯರಲ್ಲಿ ಹಾರ್ಮೋನಿನ ಕಾರಣಕ್ಕೆ ಲಿಗಮೆಂಟುಗಳು ಸಡಿಲವಾಗಿರುತ್ತವೆ. ಸುಲಭವಾಗಿ ಬಂತು ಅನಿಸಿದರೂ ಜಾಸ್ತಿ ಎಳೆದುಹೋಗುವ ಭಯ ಇದೆ. ಶುಗರ್ ಇದ್ದು ಪಾದದ ಸ್ಪರ್ಶ ಕಮ್ಮಿ ಆದವರನ್ನು ಜನ ಮರೆಯುತ್ತಾರೆ. ಅವರಿಗೆ ನೋವೇ ಗೊತ್ತಾಗುವುದಿಲ್ಲ, ಎಚ್ಚರಿಕೆಯ ಗಂಟೆಯೇ ಇಲ್ಲ.

ಕೆಳಗೆ ಏನು ಹಾಕಬೇಕು

ಸೋಫಾದ ಕುಶನ್ ಬೇಡ, ಕುಸಿಯುತ್ತದೆ. ಗಟ್ಟಿಯಾಗಿ ಮಡಚಿದ ಕಂಬಳಿ ಅಥವಾ ಜಮಖಾನ ಎಲ್ಲಕ್ಕಿಂತ ಒಳ್ಳೆಯದು, ಎತ್ತರ ಹೆಚ್ಚು ಕಮ್ಮಿ ಮಾಡಬಹುದು. ಮನೆಯಲ್ಲಿ ಊಟದ ಮಣೆ ಇದ್ದರೆ ಅದರ ಮೇಲೆ ಒಂದು ಮಡಿಕೆ ಕಂಬಳಿ ಹಾಕಿ ಕೂರಿ, ಚೆನ್ನಾಗಿರುತ್ತದೆ. ಸ್ಟುಡಿಯೋಗಳಲ್ಲಿ ಸಿಗುವ ಬೋಲ್ಸ್ಟರ್ (ಉದ್ದನೆಯ ಗಟ್ಟಿ ದಿಂಬು), ಬ್ಲಾಕುಗಳನ್ನು ಪ್ರಪಂಚಕ್ಕೆಲ್ಲ ಪರಿಚಯ ಮಾಡಿಸಿದ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಹುಟ್ಟಿದ್ದು ಇಲ್ಲೇ ಕೋಲಾರದ ಕಡೆಯ ಬೆಳ್ಳೂರಿನಲ್ಲಿ. ಅವುಗಳನ್ನು ದುಡ್ಡು ಕೊಟ್ಟು ತರುವುದು ಆಮೇಲೆ ನೋಡೋಣ. ಎತ್ತರ ಎಷ್ಟು? ಮಂಡಿ ಸೊಂಟಕ್ಕಿಂತ ಕೆಳಗೆ ಬರುವಷ್ಟು. ಕೆಲವರಿಗೆ ನಾಲ್ಕು ಬೆರಳು ಸಾಕು, ಬಿಗಿ ಇರುವವರಿಗೆ ಒಂದು ಗೇಣಿನ ಹತ್ತಿರ ಬೇಕು. ಅಂಚಿನ ಮೇಲೆ ಕೂರಿ, ನಡುವೆ ಅಲ್ಲ. ಹರಡಿನ ಮೂಳೆ ಟೈಲ್ಸಿಗೆ ಒತ್ತದ ಹಾಗೆ ಕೆಳಗೆ ಇನ್ನೊಂದು ಚಾಪೆ ಇರಲಿ.

ಎಲ್ಲಿ ಕಲಿಯುವುದು

ಪಾರ್ಕಿನ ಗುಂಪುಗಳು ಬೆಂಗಳೂರಿನ ಒಳ್ಳೆಯ ಅಭ್ಯಾಸ. ಬೆಳಗ್ಗೆ ಲಾಲ್‌ಬಾಗ್, ಕಬ್ಬನ್ ಪಾರ್ಕ್, ಬಸವನಗುಡಿಯ ಕೃಷ್ಣರಾವ್ ಪಾರ್ಕ್ ಕಡೆ ಹೋದರೆ ಚಾಪೆ ಹಾಸಿಕೊಂಡವರು ಕಾಣುತ್ತಾರೆ. ಖರ್ಚಿಲ್ಲ, ಜೊತೆ ಸಿಗುತ್ತದೆ. ಆದರೆ ಮುಂದೆ ನಿಂತವರು ಹೇಳುತ್ತಾ ಹೋಗುತ್ತಾರೆ, ಹಿಂದಿನ ಸಾಲಿನ ನಿಮ್ಮ ಮಂಡಿ ಯಾರಿಗೂ ಕಾಣುವುದಿಲ್ಲ. ಸುಖಾಸನ, ವಜ್ರಾಸನಕ್ಕೆ ಪಾರ್ಕು ಸಾಕು. ಜೂನ್ 21ರ ಯೋಗ ದಿನಕ್ಕೆ ಕಲಿಸುವ ಸಾಮಾನ್ಯ ಯೋಗ ಕ್ರಮದಲ್ಲೂ ಕೂತು ಮಾಡುವ ಆಸನಗಳಲ್ಲಿ ಭದ್ರಾಸನ, ವಜ್ರಾಸನದಂಥವೇ ಇರುವುದು. ಪದ್ಮಾಸನವನ್ನು ಪಾರ್ಕಿನಲ್ಲಿ ಕಲಿಯಬೇಡಿ.

ಆನ್‌ಲೈನ್ ಕ್ಲಾಸಿನಲ್ಲೂ ಅದೇ ತೊಂದರೆ, ಕ್ಯಾಮೆರಾ ಇಟ್ಟ ಕೋನದಿಂದ ಹರಡು ಸೊಟ್ಟಗಿರುವುದು ಗೊತ್ತಾಗುವುದಿಲ್ಲ. ಮನೆಗೆ ಬಂದು ಕಲಿಸುವವರು ದುಬಾರಿ, ಆದರೆ ಮಂಡಿ ಸಮಸ್ಯೆ ಇರುವವರಿಗೆ, ವಯಸ್ಸಾದವರಿಗೆ ಕೆಲವು ವಾರವಾದರೂ ಆ ದುಡ್ಡು ಹಾಕಬಹುದು. ಆಗಲೇ ಕಾಯಿಲೆ ಇದ್ದು ಅದರ ಜೊತೆ ಯೋಗ ಮಾಡಬೇಕೆನ್ನುವವರಿಗೆ ನಿಮ್ಹಾನ್ಸ್‌ನ ಯೋಗ ವಿಭಾಗ, ಜಿಗಣಿ ಹತ್ತಿರದ ಯೋಗ ವಿಶ್ವವಿದ್ಯಾಲಯ ಎಸ್‌-ವ್ಯಾಸ ಇವೆ.

ಸ್ಟುಡಿಯೋ ಆರಿಸುವಾಗ ಶೈಲಿ ಕೇಳಿಕೊಳ್ಳಿ. ಹಾಸನದ ಹತ್ತಿರದ ಕೌಶಿಕದಿಂದ ಬಂದ ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿ ಬೆಳೆಸಿದ ಅಷ್ಟಾಂಗದಲ್ಲಿ ನಿಂತು ಮಾಡುವ ಆಸನಗಳಲ್ಲೇ ಅರ್ಧ ಬದ್ಧ ಪದ್ಮೋತ್ತಾನಾಸನ ಬಂದುಬಿಡುತ್ತದೆ. ಅಂದರೆ ಮೊದಲ ತಿಂಗಳಲ್ಲೇ ಒಂದು ಪಾದ ತೊಡೆ ಬುಡಕ್ಕೆ ಹೋಗಬೇಕು, ಅದೂ ನಿಂತುಕೊಂಡು, ಮುಂದೆ ಬಾಗಿ. ಬಿಗಿ ಸೊಂಟದವರಿಗೆ ಇದು ಅವಸರ. ಒಳ್ಳೆಯ ಟೀಚರ್ ಪಾದವನ್ನು ಮಂಡಿಯ ಪಕ್ಕಕ್ಕೆ ಇಡಿಸಿ ಮುಂದೆ ಸಾಗಿಸುತ್ತಾರೆ. ಅಯ್ಯಂಗಾರ್ ಕ್ಲಾಸುಗಳಲ್ಲಿ ಆಸರೆ ಜಾಸ್ತಿ, ವೇಗ ಕಮ್ಮಿ. ಕೂರುವುದನ್ನೇ ಕಲಿಯಬೇಕು ಅನ್ನುವವರಿಗೆ ನಾನು ಎರಡನೆಯದನ್ನು ಹೇಳುತ್ತೇನೆ.

ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡಿನ ಪ್ರಮಾಣಪತ್ರ ಇದೆಯಾ ಅಂತ ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಅದೊಂದನ್ನೇ ನಂಬಬೇಡಿ. ಡೆಮೊ ಕ್ಲಾಸಿಗೆ ಹೋಗಿ, "ಮೇಡಂ, ನನಗೆ ಮಂಡಿ ನೋವಿದೆ, ಪದ್ಮಾಸನದ ಬದಲು ಏನು ಮಾಡಲಿ?" ಅಂತ ಕೇಳಿ. ಯಾವ ಮಂಡಿ, ಒಳಬದಿಯೋ ಹೊರಬದಿಯೋ, ಯಾವಾಗಿಂದ ಅಂತ ತಿರುಗಿ ಪ್ರಶ್ನೆ ಕೇಳಿದರೆ ಅಲ್ಲಿ ಸೇರಬಹುದು. "ಮಾಡ್ತಾ ಮಾಡ್ತಾ ಸರಿಹೋಗುತ್ತೆ" ಅಂದರೆ ಮೂರು ತಿಂಗಳ ಪ್ಯಾಕೇಜಿನ ಫೀಸು ಕಟ್ಟುವ ಮುಂಚೆ ಪಕ್ಕದ ರಸ್ತೆಯ ಸ್ಟುಡಿಯೋವನ್ನೂ ಒಮ್ಮೆ ನೋಡಿ ಬನ್ನಿ.